ಆರಡಿ ದೂರದ ಪರದೆ

ಮಂಗಳವಾರ, ಗುರುವಾರ, ಶನಿವಾರ
ಬೊಂದೊ ಮುದುಕನ ರಕ್ತ ನಾಲ್ಕು ಗಂಟೆ ಹೊತ್ತು
ಮೈ ಬಿಟ್ಟು ಹೊರಗೆ ಹೋಗಿ, ಯಂತ್ರದಲ್ಲಿ ಮಿಂದು
ಮತ್ತೆ ಮನೆಗೆ ಬರುತ್ತದೆ.
ಬಾಗಿಲು ತೆಗೆಯುವವಳು, ಮುಚ್ಚುವವಳು ನಾನು.
ಕುತೈಸಿಯ ಆಸ್ಪತ್ರೆ, ಮೂರನೆಯ ಮಹಡಿ,
ಏಳು ಹಾಸಿಗೆ, ಒಂದು ಕಿಟಕಿ,
ಕೆಳಗೆ ರಿಯೋನಿ ಹೊಳೆ, ಪಾತ್ರೆ ತೊಳೆದ ನೀರಿನ ಬಣ್ಣ.

ಅವನ ಅಳಿಯ ಫೋನು ಮಾರುವವನು.
ಮೂರು ವರ್ಷ ಯಾರೂ ಕೊಳ್ಳದೆ ಉಳಿದ ಕನ್ನಡಕವೊಂದನ್ನು
ಧೂಳು ಒರೆಸಿ ತಂದುಕೊಟ್ಟ.
ಗಾಜಿನ ಜಾಗದಲ್ಲಿ ಗಾಜಿಲ್ಲ,
ಬೆಂಕಿಪೆಟ್ಟಿಗೆಯಷ್ಟು ದಪ್ಪದ ಕಪ್ಪು;
ಕಿವಿಯ ಹಿಂದಿನಿಂದ ಇಳಿದ ತಂತಿ
ಎದೆಯ ಮೇಲಿನ ಪುಟ್ಟ ಪ್ಲೇಯರಿಗೆ.
ಹಾಗಾಗಿ ಈಗ ಅವನಿಗೆ ಮೂರು ಕೊಳವೆ:
ಎರಡರಲ್ಲಿ ರಕ್ತ, ಒಂದರಲ್ಲಿ ಸಿನಿಮಾ.

ಡಬ್ಬಿಯ ಮೇಲೆ ಬರೆದಿತ್ತು:
ಆರಡಿ ದೂರದಲ್ಲಿ ಐವತ್ತೆರಡು ಇಂಚಿನ ಪರದೆ.
ಬಿಡುವಿನಲ್ಲೊಮ್ಮೆ ಟೇಪು ಹಿಡಿದು ಅಳೆದೆ.
ಆರಡಿಗೆ ಸಿಕ್ಕಿದ್ದು ಲಾಮಾರಾಳ ಹಾಸಿಗೆ,
ಕಂಬಳಿಯಾಚೆ ಚಾಚಿದ ಅವಳ ಊದಿದ ಪಾದ.
ಅಂದರೆ ಕುದುರೆ ಓಡುವುದು, ಹಡಗು ಮುಳುಗುವುದು
ಎಲ್ಲ ಅವಳ ಪಾದದ ಮೇಲೆ.
ಹೇಳಿದರೆ ನಕ್ಕಳು: "ಅದಕ್ಕೇ ಇಷ್ಟು ನೋವು."

ಮೂವತ್ತೊಂದು ವರ್ಷ ರೀಲು ಓಡಿಸಿದ ಮನುಷ್ಯ.
ಗೋಡೆಯಲ್ಲಿ ಅಂಗೈಯಗಲದ ಕಿಂಡಿ;
ಮೊದಲು ಕಾಣುತ್ತಿದ್ದದ್ದು ಟೋಪಿ, ಬೋಳುತಲೆ, ಹೊಗೆ,
ಅವುಗಳಾಚೆ ಕಥೆ.
ಈಗ ಅಲ್ಲಿ ಬಚ್ಚಲಮನೆಯ ಟೈಲ್ಸ್ ಮಾರುತ್ತಾರೆ.
"ಚಿತ್ರ ಚೊಕ್ಕವಾಗಿದೆ, ಮಝಿಯಾ,
ಆದರೆ ಮುಂದೆ ಒಂದೂ ತಲೆಯಿಲ್ಲ.
ಯಾರೂ ಕೆಮ್ಮುವುದಿಲ್ಲ.
ಸೂರ್ಯಕಾಂತಿ ಬೀಜದ ಸಿಪ್ಪೆ ಉಗಿಯುವವರಿಲ್ಲ.
ಹೀಗೆ ಖಾಲಿ ಥಿಯೇಟರಿನಲ್ಲಿ ಆಟ ನಡೆಸಿದ್ದರೆ
ನಮ್ಮ ಮ್ಯಾನೇಜರು ಸಂಬಳ ಹಿಡಿಯುತ್ತಿದ್ದ."

ಹತ್ತು ನಿಮಿಷಕ್ಕೊಮ್ಮೆ ಅವನ ಬಲಗೈ
ತಾನಾಗಿ ಎದ್ದುಬಿಡುತ್ತದೆ, ರೀಲು ಬದಲಿಸಲು.
ಸೂಜಿ ಇರುವುದು ಅದೇ ಕೈಗೆ.
ಯಂತ್ರ ಬಾಯಿ ಬಡಿದುಕೊಳ್ಳುತ್ತದೆ, ನಾನು ಓಡುತ್ತೇನೆ.
"ಇದರಲ್ಲಿ ರೀಲಿಲ್ಲ ಅಜ್ಜಾ."
"ನನಗೆ ಗೊತ್ತು. ಕೈಗೆ ಹೇಳು."

ಆ ಶನಿವಾರ, ಮೂರನೆಯ ಗಂಟೆ.
ರೋಗಿಯ ಕಣ್ಣು ನೋಡಿಯೇ ರಕ್ತದೊತ್ತಡ ಹೇಳಬಲ್ಲೆ ನಾನು,
ಹತ್ತೊಂಬತ್ತು ವರ್ಷದ ಅಭ್ಯಾಸ.
ಅವನಿಗೋ ಕಣ್ಣಿರುವ ಕಡೆ ಕಪ್ಪು ಪೆಟ್ಟಿಗೆ.
"ಮಝಿಯಾ, ಬ್ಯಾಟರಿ ಮುಗಿಯಿತು,"
ಎಂದ, ಬಹಳ ಸಾವಧಾನವಾಗಿ,
"ಪರದೆ ಕತ್ತಲಾಯಿತು."
ಚಾರ್ಜರ್ ಹುಡುಕಲು ತಿರುಗಿದವಳು
ಯಾಕೋ ನಿಂತೆ.
ಕನ್ನಡಕಕ್ಕೂ ಕೆನ್ನೆಗೂ ನಡುವೆ ಕಡ್ಡಿ ತೂರುವಷ್ಟು ಸೀಳು.
ಅದರಿಂದ ನೀಲಿ ಬೆಳಕು ಸೋರುತ್ತಿತ್ತು,
ಸುಕ್ಕಿನಿಂದ ಸುಕ್ಕಿಗೆ ಹಾರುತ್ತಿತ್ತು.
ಆಟ ನಡೆಯುತ್ತಲೇ ಇತ್ತು.
ಕತ್ತಲಾದದ್ದು ಪರದೆಯಲ್ಲ.

ತಲೆ ತಗ್ಗಿಸಿದೆ, ಕಾಲು ಎತ್ತಿದೆ, ಸಲೈನು ಬಿಟ್ಟೆ.
ಲಾಮಾರಾ ತನಗೆ ಗೊತ್ತಿದ್ದ ಸಂತರನ್ನೆಲ್ಲ ಹೆಸರು ಹಿಡಿದು ಕೂಗಿದಳು,
ನಡುವೆ ಒಬ್ಬ ಡಾಕ್ಟರನ್ನೂ.
ಐದು ನಿಮಿಷಕ್ಕೆ ತುಟಿಗೆ ಬಣ್ಣ ಬಂತು.
ಕನ್ನಡಕ ತೆಗೆಯಲು ಮರೆತೇ ಹೋಗಿತ್ತು;
ಅದರ ಹಿಂದಿನಿಂದ ಮೊದಲ ಮಾತು:
"ಯಾವನವನು? ಈ ಮೀಸೆಯವನು ಎಲ್ಲಿಂದ ಬಂದ?
ಒಂದು ರೀಲು ಹಾರಿಸಿಬಿಟ್ಟಿರಲ್ಲ!"

ಇನ್ನು ಇದು ಬೇಡ, ತೆಗೆದಿಡಿ, ಎಂದರು ದೊಡ್ಡ ಡಾಕ್ಟರು.
ಹೂಂ ಎಂದೆ. ತೆಗೆಯಲಿಲ್ಲ.
ಈಗ ಅವನೆದುರು ಸ್ಟೂಲು ಹಾಕಿಕೊಂಡು
ಆ ಕೆನ್ನೆಯ ಮೇಲಿನ ಆಟ ನೋಡುತ್ತೇನೆ.
ಮುಖವಿಲ್ಲ, ಮಾತಿಲ್ಲ, ಬರಿಯ ಬೆಳಕು.
ಆರಡಿ ದೂರದಿಂದ ಲಾಮಾರಾ ಕೇಳುತ್ತಾಳೆ:
"ಏನಾಯಿತೇ?"
"ರಾತ್ರಿಯಾಗಿದೆ," ಎನ್ನುತ್ತೇನೆ. "ಯಾರೋ ದೀಪ ಹಚ್ಚಿದರು.
ಇರು... ಹ್ಞಾ, ಈಗ ಹಗಲು."
ಮುದುಕ ಗದರುತ್ತಾನೆ:
"ಮುಂದೆ ಕೂತವರೇ, ಸ್ವಲ್ಪ ತಲೆ ತಗ್ಗಿಸಿ."