ಅಂಗಾಲು

ರವಿಕೆಯ ಕೊಂಡಿ ಬಿಚ್ಚಲು ಮೂರು ಸಲ ನಾಚಿದೆ,
ನಾಲ್ಕನೆಯ ಸಲಕ್ಕೆ ನಾಚಿಕೆಯೇ ದಣಿದಿತ್ತು.
ಎಡಮೊಲೆಯ ಹೊರಬದಿ, ಕಂಕುಳಿಗೆ ಮೂರು ಬೆರಳು ಈಚೆ,
ಕಡಲೆಕಾಳಿನಷ್ಟಿದ್ದದ್ದು ದೀಪಾವಳಿಗೆ
ಗಜ್ಜುಗದಷ್ಟಾಗಿತ್ತು.
ನೋವಿಲ್ಲ. ಒತ್ತಿದರೆ ಜಾರುತ್ತಿತ್ತು,
ಬಾಡಿಗೆ ಕೇಳಿದಾಗ ಜಾರಿಕೊಳ್ಳುವವರ ಹಾಗೆ.

ಕೌಲ್ ಬಜಾರಿನ ಓಣಿಯಲ್ಲಿ ಆಗಲೇ ತೀರ್ಪಾಗಿತ್ತು.
ಎದುರುಮನೆ ಮಾಬುನ್ನಿ: "ಹಾಲು ಬ್ಯಾಗ ಬಿಡಿಸಿದ್ಯಲ್ಲ, ಅದಕ್ಕೇ."
ನಾದಿನಿ: "ನಿಮ್ಮವ್ವನ ಕಡೆ ಯಾರಿಗೋ ಇದ್ದಿರಬೇಕು."
ಮೊಲೆ, ಪಾಪ, ಸುಮ್ಮನೆ ಕೇಳಿಸಿಕೊಂಡಿತು,
ಕಳುವಾದ ದಿನ ಮನೆಯಲ್ಲಿದ್ದ ಕೆಲಸದಾಕೆಯಂತೆ.

ಸೂಜಿಯಲ್ಲಿ ತೆಗೆದದ್ದನ್ನು ಗಾಜಿಗೆ ಹಚ್ಚಿ
ಹದಿನಾಲ್ಕು ದಿನ ನೋಡಿದರು.
ಡಾಕ್ಟರಮ್ಮ ನನ್ನ ಹುಲಿಗೆಮ್ಮನ ಓರಗೆ.
ಕಾಗದ ಎರಡು ಸಲ ಓದಿ
"ಸುಂಕಮ್ಮ, ಇದು ಇಲ್ಲಿಯದಲ್ಲ" ಅಂದಳು.
"ಬೇರೆ ಕಡೆಯಿಂದ ಬಂದಿದೆ. ಒಳಗೆ ಕಪ್ಪು ಬಣ್ಣ ಇದೆ."

ಎಲ್ಲಿಯದು ಹಾಗಾದರೆ?
ಆದೋನಿಯಿಂದ ಗಂಟು ಹೊತ್ತು ಬಂದ ವರ್ಷ
ಮನೆ ಕೊಡುವವರೆಲ್ಲ ನನ್ನನ್ನು ಕೇಳಿದ್ದೂ ಇದನ್ನೇ.

"ಅಂಗಾಲು ತೋರಿಸಿ."

ಕಾಲು ಒಳಕ್ಕೆಳೆದುಕೊಂಡೆ.
ಓದಿದವರ ಮುಖಕ್ಕೆ ಅಂಗಾಲು ಹಿಡಿಯುವುದೇ?
ಎದೆ ತೆರೆದು ಕೂತವಳು
ಪಾದಕ್ಕೆ ಸೀರೆ ಎಳೆದುಕೊಂಡೆ.
ಆಕೆ ಕುರ್ಚಿಯಿಂದಿಳಿದು ನೆಲಕ್ಕೆ ಕೂತಳು,
ಹಿಮ್ಮಡಿಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು
ಮೊಬೈಲಿನ ಬೆಳಕು ಬಿಟ್ಟಳು.

ಅಲ್ಲಿತ್ತು. ಬಲಗಾಲು, ಹಿಮ್ಮಡಿಯ ಒಳಬದಿ,
ಅಂಚು ಹರಿದ ಮಸಿಯ ತೇಪೆ.

ಮೂರು ವರ್ಷದ ಪರಿಚಯ ಅದು.
ಜೀನ್ಸ್ ಹೊಲಿಯುವವರ ಕಾಲು ಯಾರದ್ದು ಚೊಕ್ಕಟ?
ಬೆವರಿಗೆ ಬಟ್ಟೆ ಬಣ್ಣ ಬಿಡುತ್ತದೆ; ಉಗುರು ನೀಲಿ,
ಸಿಂಬಳ ನೀಲಿ, ವಾಷಿಂಗ್ ಘಟಕದ ಹಿಂದೆ ಚರಂಡಿ ನೀಲಿ.
ಪ್ಯಾಂಟು ತಿಕ್ಕುವ ಹಗುರ ಕಲ್ಲೊಂದನ್ನು
ಸೆರಗಿನಲ್ಲಿ ತಂದು ಭಾನುವಾರ ಭಾನುವಾರ ತಿಕ್ಕಿದೆ.
ಆ ಕಲ್ಲಿಗೆ ಪ್ಯಾಂಟು ಬಿಳುಚುತ್ತಿತ್ತು. ಇದು ಬಿಳುಚಲಿಲ್ಲ.
ಒಮ್ಮೆ ರಕ್ತ ಬಂತು.
ಅರಿಶಿನ ಒತ್ತಿ ಪೆಡಲು ತುಳಿದೆ,
ದಿನಕ್ಕೆ ನೂರಿಪ್ಪತ್ತು ಜೇಬು.

ತುಳಿದದ್ದು ಮೇಲಕ್ಕೆ ಹತ್ತಿತೇನೋ.
ತೊಡೆಸಂದಿ, ಅಲ್ಲಿಂದ ರಕ್ತದ ಯಾವುದೋ ದಾರಿ;
ಡಾಕ್ಟರಮ್ಮ ಚೀಟಿಯ ಬೆನ್ನಿಗೆ ಚುಕ್ಕಿ ಚುಕ್ಕಿ ಬರೆದು ತೋರಿಸಿದಳು.
ನನಗೆ ಕಂಡದ್ದು ಹೊಲಿಗೆ.

"ಮೊಲೆ ತೆಗೀತೀರಾ?"
"ತೆಗೆದರೂ ಇದು ಮುಗಿಯೋದಿಲ್ಲಮ್ಮ."
ಸುಳ್ಳು ಹೇಳಲಿಲ್ಲ. ಒಳ್ಳೆಯ ಹುಡುಗಿ.

ರಾತ್ರಿ ಬಚ್ಚಲಲ್ಲಿ
ಇಷ್ಟು ದಿನ ಬೈಸಿಕೊಂಡ ಎಡಮೊಲೆಗೆ
ಬೆಚ್ಚನೆಯ ನೀರು ನಿಧಾನ ಹಾಕಿದೆ.
ಕಾಲಿನ ಮೇಲೆ ಸಿಟ್ಟು ಬರಲಿಲ್ಲ;
ಅದರ ದುಡಿಮೆಯಲ್ಲೇ ಉಂಡದ್ದು.

ಬೆಳಗ್ಗೆ ಮಾಬುನ್ನಿಗೆ ಹೇಳಿದೆ: "ಹಾಲಿನ ತಪ್ಪಲ್ಲವಂತೆ."
ಆಕೆ ಏನೂ ಅನ್ನಲಿಲ್ಲ.
ಮೆಟ್ಟಿಲ ಮೇಲೆ ಕೂತು, ಚಪ್ಪಲಿ ಕಳಚಿ,
ಬೆಳಕಿಗೆ ತಿರುಗಿಸಿ
ತನ್ನ ಅಂಗಾಲು ನೋಡಿಕೊಂಡಳು.
ಒಂದು. ಆಮೇಲೆ ಇನ್ನೊಂದು.