ಎಡಚಿಯ ಅಳತೆ

ಹೈದರಾಬಾದಿನಿಂದ ಬಂದ ಕೊಟೇಶನ್ನು
ಮೂರು ಮಡಿಕೆಯಾಗಿ ನನ್ನ ಪರ್ಸಿನಲ್ಲಿ ಹನ್ನೊಂದು ದಿನ.
ಜರ್ಮನಿಯ ಪಾಯಿಂಟ್ ಟೂಟೂ, ಎಡಗೈಯವರಿಗೆಂದೇ ಮಾಡಿದ್ದು,
ಬೋಲ್ಟು ಎಡಕ್ಕೆ, ಕೆನ್ನೆಯಾನುವ ಹಲಗೆ ಏರಿಳಿಯುವಂಥದ್ದು.
ಬೆಲೆಯ ಸೊನ್ನೆಗಳನ್ನು ಮೊದಲ ದಿನ ಬೆರಳಿಟ್ಟು ಎಣಿಸಿದೆ,
ಆಮೇಲೆ ಬಾಯಿಪಾಠ.

ಇರುವುದು ಹಳೆಯದು. ಕ್ಲಬ್ಬಿನವರು ಮಾರಿದಾಗ ಕೊಂಡದ್ದು.
ನಳಿಗೆಯ ಮೇಲಿನ ನಂಬರು ನನ್ನ ಲೈಸೆನ್ಸ್ ಪುಸ್ತಕದಲ್ಲಿದೆ,
ಡಿ.ಸಿ. ಆಫೀಸಿನ ನೇರಳೆ ಮೊಹರಿನ ಕೆಳಗೆ.
ಬಲಗೈಯವರ ಬಂದೂಕು.
ಇಪ್ಪತ್ತೆರಡು ವರ್ಷ, ಪ್ರತಿ ಗುಂಡಿಗೂ
ಎಡಗೈ ಬಿಟ್ಟು, ಮೇಲಿಂದ ದಾಟಿಸಿ, ಬೋಲ್ಟು ಎಳೆದು,
ಮತ್ತೆ ಕೆನ್ನೆ ಆನಿಸಿ, ಮತ್ತೆ ಉಸಿರು ಹುಡುಕಿ.
ಎಲ್ಲರೂ ಅರವತ್ತು ಮುಗಿಸುವ ಹೊತ್ತಿಗೆ
ನನ್ನವು ಇನ್ನೂ ಎಂಟು ಬಾಕಿ.

ಅಂಚಿಗೆ ಏಟು ಬಿದ್ದರೆ ಸಿಡಿಯುವ ತೋಟಾ ಇದು,
ನಡುವಿಗೆ ಹೊಡೆದರೆ ಸುಮ್ಮನಿರುತ್ತದೆ.
ಭೂಪಟದ ತುದಿಯ ಊರಿನವರಿಗೆ
ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಚೌಬಾರಾದ ಹಿಂದಿನ ಓಣಿಯಲ್ಲಿ ಯಾಕೂಬ್ ಮಿಸ್ತ್ರಿ
ಕೊಟೇಶನ್ ಓದಿದರು, ಎರಡು ಸಲ.
"ಛಲೋ ಅದ. ತಗೋರಿ," ಅಂದರು.
ಅಂಗಡಿಯವರೇ ಹೀಗಂದರೆ ಹೇಗೆ?
"ರೊಕ್ಕ?" ಅಂದೆ.
"ಹಂಗಾದ್ರ ಕುಂದಾ ಹೊಸಾದ್ ಮಾಡಮ್ರಿ."
ಬೆಳಗಾವಿಯ ಸಿಹಿ ನೆನಪಾಗಿ ನಕ್ಕೆ. ಯಾಕೆಂದು ಅವರಿಗೆ ತಿಳಿಯಲಿಲ್ಲ.
ಅವರ ಬಾಯಲ್ಲಿ ಕುಂದಾ ಅಂದರೆ ಬಂದೂಕಿನ ಕಟ್ಟಿಗೆಯ ಮೈ,
ಹೆಗಲಿಗೆ, ಕೆನ್ನೆಗೆ ತಾಗುವ ಭಾಗ.
"ನಳಿಗಿ ಮುಟ್ಟಲ್ಲ, ನಂಬರ್ ಮುಟ್ಟಲ್ಲ.
ಬೋಲ್ಟ್ ಬಲಕ್ಕೇ ಇರ್ತದ, ಅದಕ್ಕ ನಾ ಏನ್ ಮಾಡ್ಲಿ."
"ಬೆಳ್ಳಿ ಹೂ ಬ್ಯಾಡ್ರಿ," ಅಂದೆ.
ಬೀದರದಲ್ಲಿ ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ದರ್ಜಿಯಂತೆ ಟೇಪು ತೆಗೆದರು.
ಬರೆಯಲು ಚೀಟಿ ಸಿಗದೆ ಕೊಟೇಶನ್ನನ್ನೇ ಬೋರಲು ಹಾಕಿ
ಕಿವಿಯ ಮೇಲಿನ ಪೆನ್ಸಿಲಿನಿಂದ:
ಮೊಣಕೈ ಮಡಿಕೆಯಿಂದ ತೋರುಬೆರಳು, ಹದಿಮೂರೂಕಾಲು.
ಕಣ್ಣಿನಿಂದ ದವಡೆ.
ಕತ್ತು. ಅಲ್ಲಿ ನಿಂತರು.
ವಾಯುಪಡೆಯ ಹುಡುಗರ ವಿಮಾನ ಮೇಲೆ ಹಾದು
ಡಬ್ಬಿಯೊಳಗಿನ ಮೊಳೆಗಳೆಲ್ಲ ನಡುಗಿ ಸುಮ್ಮನಾಗುವ ತನಕ
ಮಾತಾಡಲಿಲ್ಲ.

"ಕಸ್ತೂರಬಾಯಿ, ಸೆಟದ ನಿಂದರ್ರಿ."
ಸೆಟೆದೇ ನಿಂತಿದ್ದೇನೆ.
"ಇಲ್ರಿ. ಎಡ ಹೆಗಲ ಒಂದ್ ಬೆರಳ ಕೆಳಗದ. ಕತ್ತ ವಾಲ್ಯಾದ.
ನಾ ಹೊಸಾದೇನ್ ಕೆತ್ಲಿ?
ಈ ಬಂದೂಕ ನಿಮ್ಮನ್ನ ಮೊದಲೇ ಕೆತ್ಯಾದ."

ಉಣ್ಣುವ ಕೈ ಬದಲಿಸಿದ್ದೆ, ಅವ್ವನ ಸೌಟಿಗೆ ಹೆದರಿ.
ಬರೆಯುವ ಕೈ ಬದಲಿಸಿದ್ದೆ, ಮೂರನೆಯ ಇಯತ್ತೆಯಲ್ಲಿ.
ಗುರಿ ಹಿಡಿಯುವ ಕಣ್ಣೊಂದು ಎಡವೇ ಉಳಿಯಿತೆಂದು
ಇಷ್ಟು ದಿನ ಒಳಗೊಳಗೇ ಬೀಗಿದ್ದೆ.
ಸಾಲೆಯಲ್ಲಿ ಎನ್.ಸಿ.ಸಿ. ಹುಡುಗಿಯರು ಬೆನ್ನ ಹಿಂದೆ
ತಲೆ ವಾಲಿಸಿ ನಡೆದು ನಗುವುದು
ನನ್ನನ್ನೇ ಎಂದು
ಯಾಕೂಬರ ಅಂಗಡಿಯಲ್ಲಿ ಹೊಳೆಯಿತು.

ಯಾರ ಅಳತೆ ಕೊಡಲಿ, ವಾಲಿದವಳದೋ,
ನೆಟ್ಟಗಿರಬಹುದಾಗಿದ್ದವಳದೋ?
ಮಿಸ್ತ್ರಿ ಎರಡೂ ಬರೆದುಕೊಂಡರು.

ಮೈಲೂರಿನಲ್ಲಿ ಕೆಡವಿದ ಮನೆಯ ಸಾಗವಾನಿ ತೊಲೆ ಇತ್ತು ಅವರಲ್ಲಿ.
ನೆಟ್ಟಗಿನವಳಿಗೇ ಕೆತ್ತಿ ಅಂದೆ, ಮುಂಗಡ ಕೊಟ್ಟೆ,
ಬಸ್ಸಿಗೆ ಇಪ್ಪತ್ತು ರೂಪಾಯಿ ಅವರಿಂದಲೇ ವಾಪಸು ಇಸಕೊಂಡೆ.

ಆರು ವಾರ. ಹೊಸ ಕುಂದಾದ ಮೊದಲ ಐದು ಗುಂಡು:
ಎಂಟು, ಏಳು, ಏಳು, ಎಂಟು, ಆರು.
ಕೆನ್ನೆ ಹಳೆಯ ಜಾಗ ಹುಡುಕುತ್ತಿತ್ತು.
ನೋಯಬೇಕಾದಲ್ಲಿ ನೋಯದೆ ಹೆಗಲಿಗೆ ಗಲಿಬಿಲಿ.
ಫೋನು ಮಾಡಿದೆ. "ಟೈಮ್ ಕೊಡ್ರಿ," ಅಂದರು.
ಎಂಬತ್ತು ವರ್ಷ ಒಣಗಿದ ತೊಲೆಗೆ ಇನ್ನೆಂಥ ಟೈಮು?
"ಕಟ್ಟಿಗೇಗೇನ್ರಿ?" ಅಂದೆ.
ಆ ಕಡೆ ಅರ ಉಜ್ಜುವ ಸದ್ದು, ಅಷ್ಟೆ.

ಕಾಗದ ಈಗ ಲೈಸೆನ್ಸ್ ಪುಸ್ತಕದೊಳಗಿದೆ.
ಒಂದು ಬದಿ ಜರ್ಮನಿ. ಇನ್ನೊಂದು ಬದಿ ನಾನು, ಎರಡು ಸಲ.
ಈ ದರ ಮೂವತ್ತು ದಿನಗಳಿಗೆ ಮಾತ್ರ ಎಂದು ಕೆಳಗೆ ಅಚ್ಚಾಗಿದೆ,
ಪೆನ್ಸಿಲ್ ಒತ್ತಿದ ಗುರುತು ಅದರ ಮೇಲೂ ಮೂಡಿದೆ.