ಏಳನೆಯ ಮಡಿಯಲ್ಲಿ ಕತ್ತೆ

ಡೊಂಗೊಲಾದಾಚೆ, ನೈಲ್ ಬಳುಕಿ ಹೊರಳುವಲ್ಲಿ
ಹದಿನೆಂಟು ಮಡಿ ಫೂಲ್ ಕಾಳು.
ಕೆಂಪು ಗೂಟಕ್ಕೆ ವಾರಕ್ಕೊಮ್ಮೆ ನೀರು,
ಹಳದಿಗೆ ಎರಡು ವಾರಕ್ಕೆ,
ಬಿಳಿಗೆ ಮೂರು.
ಗೊಬ್ಬರ ಅಳೆಯಲು ಚಹಾದ ಗ್ಲಾಸು;
ತಕ್ಕಡಿ ಇನ್ನೂ ಖಾರ್ತೂಮಿನಿಂದ ಬಂದಿಲ್ಲ.

ಬರೆದುಕೊಳ್ಳುವವಳು ನಾನು, ನಬ್ರಾ.
ಪಂಪಿಗೆ ಹಗ್ಗ ಸುತ್ತಿ ಎಳೆಯುವವ ಖೈರಿ ಮಾಮ.

ಜನವರಿಗೆ ಕೆಂಪು ಗೂಟದವು,
ಎರಡೆರಡು ಗ್ಲಾಸು ಯೂರಿಯಾ ಕುಡಿದವು,
ನನ್ನ ಎದೆಮಟ್ಟ. ಹಾದಿಹೋಕರು ನಿಂತು
ಮಾಶಾಅಲ್ಲಾ ಅಂದು ಹೋದರು.
ಉತ್ತರದ ಗಾಳಿ ಬೀಸಿದ್ದು ಒಂದೇ ರಾತ್ರಿ.
ಬೆಳಗ್ಗೆ ಅಷ್ಟೂ ಮಲಗಿದ್ದವು
ಮದುವೆಯ ಮರುದಿನದ ನೆಂಟರ ಹಾಗೆ.

ಕಿತ್ತು ನೋಡಿದೆ. ಬೇರು ಬೋಳು.
ಬಿಟ್ಟಿ ಊಟ ಬರುವ ಮನೆಯಲ್ಲಿ
ಒಲೆ ಯಾರು ಹಚ್ಚುತ್ತಾರೆ?
ಹಳದಿ ಗೂಟದಲ್ಲಿ, ಯೂರಿಯಾ ಕಾಣದ ಬೇರಿಗೆ
ಸಾಸಿವೆಯಷ್ಟು, ಮೆಣಸಿನಷ್ಟು ಗಂಟು;
ಉಗುರಲ್ಲಿ ಸೀಳಿದರೆ ಒಳಗೆ
ಮಗುವಿನ ವಸಡಿನ ಕೆಂಪು.

ಬಿಳಿ ಮಡಿ ಹೂ ಬಿಟ್ಟು, ಉದುರಿಸಿತು.
ನೀರು ಇನ್ನೂ ಎಂಟು ದಿನ ದೂರವಿತ್ತು.
ಏಳನೆಯದನ್ನು ಕತ್ತೆ ಮೇಯ್ದಿತ್ತು.
ಕತ್ತೆ ಅಂತಲೇ ಬರೆದೆ, ಸೊನ್ನೆ ಹಾಕಲಿಲ್ಲ.

ಮಾರ್ಚಿನಲ್ಲಿ ತಕ್ಕಡಿ ಬಂತು.
ಹಳದಿಯೇ ಮೇಲು, ಮಡಿಗೆ ಮುನ್ನೂರು ಗ್ರಾಂ.
ಕೂಗಿ ಹೇಳಿದೆ. ಮಾಮ ತಲೆ ಎತ್ತಲಿಲ್ಲ;
ಮೂರು ಬಣ್ಣದ ಕಾಳನ್ನು ಮೂರು ಗಡಿಗೆಗೆ ಹಾಕಿ
ರಾತ್ರಿಯಿಡೀ ಬಿಸಿಬೂದಿಯಲ್ಲಿ ಹೂತಿಟ್ಟ.

ಬೆಳಗ್ಗೆ ಎಳ್ಳೆಣ್ಣೆ, ಉಪ್ಪು, ಹರಿದ ರೊಟ್ಟಿ.
ಕಣ್ಣು ಮುಚ್ಚಿ ತಿನ್ನು, ಯಾವುದು ಹೇಳು, ಎಂದ.
ಎರಡು ಸಲ ತಪ್ಪಿದೆ.